ಕರಗುವ ಬಿಂದು ಮಾಪಕಗಳ ಕ್ಯಾಲಿಬ್ರೇಷನ್ ಮತ್ತು ಉಲ್ಲೇಖ ಮಾನಕಗಳು: ಉದ್ಯಮಿಗಳಿಗೊಂದು ಪರಿಚಯ

ಪೀಠಿಕೆ

ವ್ಯಾಪಾರಕ್ಕೂ ಅಳತೆಗೂ ಇರುವ ನಂಟು ಬಹಳ ಹಳೆಯದು. ತಕ್ಕಡಿಗೂ ತೂಕದ ಬಟ್ಟುಗಳಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು, ನಿಗದಿತ ಅವಧಿಗೊಮ್ಮೆ ಅದು ನವೀಕರಣಗೊಳ್ಳಬೇಕು ಎಂಬುದು ಪ್ರತಿಯೊಬ್ಬ ವರ್ತಕನಿಗೂ ತಿಳಿದ ಸಂಗತಿ. ಆದರೆ ಔಷಧ ಹಾಗೂ ರಾಸಾಯನಿಕ ಘಟಕಗಳ ಪ್ರಯೋಗಾಲಯದಲ್ಲಿರುವ ಕರಗುವ ಬಿಂದು ಮಾಪಕಕ್ಕೆ ಮುದ್ರೆ ಹಾಕಲು ಯಾವ ಇನ್‌ಸ್ಪೆಕ್ಟರರೂ ಬರುವುದಿಲ್ಲ. ಅದು ತೋರಿಸುವ ಅಂಕಿ ಸರಿಯಾಗಿದೆ ಎಂದು ಸಾಬೀತುಪಡಿಸುವ ಹೊಣೆ ಸಂಪೂರ್ಣವಾಗಿ ಘಟಕದ್ದೇ ಆಗಿರುತ್ತದೆ. ಆ ಹೊಣೆಯನ್ನು ನಿರ್ವಹಿಸುವ ಸಾಧನವೇ ಉಲ್ಲೇಖ ಮಾನಕ, ಅಂದರೆ ಪ್ರಯೋಗಾಲಯದ ಸಿಬ್ಬಂದಿ 'ರೆಫರೆನ್ಸ್ ಸ್ಟ್ಯಾಂಡರ್ಡ್' ಎಂದು ಕರೆಯುವ ಪುಟ್ಟ ಸೀಸೆ.

ಪೀಣ್ಯ, ಜಿಗಣಿ, ನಂಜನಗೂಡು, ಬೀದರ್‌ನ ಕೊಳಾರ ಮೊದಲಾದ ಕೈಗಾರಿಕಾ ಪ್ರದೇಶಗಳ ಸಣ್ಣ ಮತ್ತು ಮಧ್ಯಮ ಘಟಕಗಳಿಗೆ ಈ ವಿಷಯ ಇಂದು ಹೆಚ್ಚು ಪ್ರಸ್ತುತವಾಗಿದೆ. ಔಷಧ ತಯಾರಿಕೆಯ ಉತ್ತಮ ಪದ್ಧತಿಗಳನ್ನು ವಿಧಿಸುವ ಶೆಡ್ಯೂಲ್ ಎಂ 2023ರ ಡಿಸೆಂಬರ್‌ನಲ್ಲಿ ಪರಿಷ್ಕೃತಗೊಂಡು ಪ್ರಕಟವಾಯಿತು. ವಾರ್ಷಿಕ 250 ಕೋಟಿ ರೂಪಾಯಿವರೆಗಿನ ವಹಿವಾಟಿನ ಘಟಕಗಳಿಗೆ ಮೊದಲು ಒಂದು ವರ್ಷದ ಕಾಲಾವಕಾಶ ನೀಡಿ, ಬಳಿಕ ಷರತ್ತಿನೊಂದಿಗೆ ಅದನ್ನು 2025ರ ಡಿಸೆಂಬರ್ 31ರವರೆಗೆ ವಿಸ್ತರಿಸಲಾಯಿತು. ಉಪಕರಣಗಳ ಕ್ಯಾಲಿಬ್ರೇಷನ್ ಮತ್ತು ಅದರ ದಾಖಲೆ ತಪಾಸಣೆಯ ಸಮಯದಲ್ಲಿ ಮೊದಲು ಕೇಳಲಾಗುವ ಕಾಗದಪತ್ರಗಳ ಸಾಲಿಗೆ ಸೇರುತ್ತವೆ. ಹೀಗಿದ್ದೂ ಅನೇಕ ಘಟಕಗಳಲ್ಲಿ ಉಲ್ಲೇಖ ಮಾನಕದ ಖರೀದಿ ಬೇಡಿಕೆ ಮಾಲೀಕರ ಮೇಜಿಗೆ ಬಂದಾಗ, "ಒಂದು ಗ್ರಾಂ ಪುಡಿಗೆ ಇಷ್ಟು ಹಣವೇ?" ಎಂಬ ಪ್ರಶ್ನೆಯೊಂದಿಗೆ ಬದಿಗೆ ಸರಿಯುತ್ತದೆ. ಆ ಪ್ರಶ್ನೆಗೆ ಉತ್ತರವನ್ನು ತಾಂತ್ರಿಕವಾಗಿಯೂ ಲೆಕ್ಕಪತ್ರದ ದೃಷ್ಟಿಯಿಂದಲೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಕರಗುವ ಬಿಂದು ಏನನ್ನು ಹೇಳುತ್ತದೆ?

ಶುದ್ಧವಾದ ಸ್ಫಟಿಕರೂಪದ ವಸ್ತು ತನ್ನದೇ ಆದ ನಿರ್ದಿಷ್ಟ ಉಷ್ಣತೆಯಲ್ಲಿ ಕರಗುತ್ತದೆ. ಶಾಲಾ ಪಠ್ಯಪುಸ್ತಕಗಳು ಇದನ್ನೇ ದ್ರವನ ಬಿಂದು ಎನ್ನುತ್ತವೆ. ವಸ್ತುವಿನಲ್ಲಿ ಕಲ್ಮಶ ಸೇರಿದರೆ ಸಾಮಾನ್ಯವಾಗಿ ಎರಡು ಬದಲಾವಣೆಗಳು ಕಂಡುಬರುತ್ತವೆ. ಮೊದಲನೆಯದಾಗಿ, ಕರಗುವ ಉಷ್ಣತೆ ಇಳಿಯುತ್ತದೆ. ಎರಡನೆಯದಾಗಿ, ಕರಗಲು ಆರಂಭಿಸಿದ ಉಷ್ಣತೆಗೂ ಪೂರ್ತಿ ಕರಗಿ ಮುಗಿದ ಉಷ್ಣತೆಗೂ ನಡುವಿನ ಅಂತರ ಹಿಗ್ಗುತ್ತದೆ. ಮಂಜುಗಡ್ಡೆಗೆ ಉಪ್ಪು ಬೆರೆಸಿದಾಗ ಅದು ಸೊನ್ನೆ ಡಿಗ್ರಿಗಿಂತ ಕೆಳಗೇ ಕರಗುವುದು ಇದಕ್ಕೆ ಪರಿಚಿತ ನಿದರ್ಶನ.

ಈ ಕಾರಣದಿಂದ, ಬಂದ ಕಚ್ಚಾವಸ್ತು ಹೇಳಿದ ವಸ್ತುವೇ ಹೌದೇ, ಅದರಲ್ಲಿ ಕಲ್ಮಶವಿದೆಯೇ ಎಂಬುದರ ಮೊದಲ ಸುಳಿವನ್ನು ಕೆಲವೇ ಮಿಲಿಗ್ರಾಂ ಪುಡಿಯಿಂದ, ಅಲ್ಪ ವೆಚ್ಚದಲ್ಲಿ ಪಡೆಯಬಹುದು. ಇದೊಂದೇ ಪರೀಕ್ಷೆಯಿಂದ ಶುದ್ಧತೆ ಸಿದ್ಧವಾಗದು ಎಂಬುದು ನಿಜ. ಆದರೆ ಇದರಲ್ಲಿ ತಪ್ಪಿದ ಮಾಲು ಮುಂದಿನ ಹಂತಕ್ಕೆ ಹೋಗುವಂತಿಲ್ಲ. ಬಾಗಿಲಲ್ಲಿ ನಿಂತ ಕಾವಲುಗಾರನ ಪಾತ್ರ ಈ ಪರೀಕ್ಷೆಯದು.

ಇನ್ನೊಂದು ಅನುಕೂಲವೂ ಉಂಟು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 100 ಡಿಗ್ರಿಗೆ ಮೊದಲೇ, ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಕರಗುವ ಬಿಂದುವಿನ ಮೇಲೆ ವಾತಾವರಣದ ಒತ್ತಡದ ಪ್ರಭಾವ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಮಂಗಳೂರಿನಲ್ಲಿ ಅಳೆದರೂ ಮಡಿಕೇರಿಯಲ್ಲಿ ಅಳೆದರೂ ಶುದ್ಧ ವಸ್ತುವಿನ ಅಂಕಿ ಒಂದೇ. ಆದ್ದರಿಂದಲೇ ಶುದ್ಧ ವಸ್ತುಗಳ ಕರಗುವ ಬಿಂದುವನ್ನು ಉಷ್ಣತೆಯ ಅಳತೆಗೋಲಾಗಿ ನಂಬಬಹುದಾಗಿದೆ.

2. ಉಪಕರಣ ಏಕೆ ತಪ್ಪು ಹೇಳುತ್ತದೆ?

ಪರೀಕ್ಷೆಯ ಕ್ರಮ ಸರಳ. ನುಣ್ಣಗೆ ಅರೆದು ಒಣಗಿಸಿದ ಪುಡಿಯನ್ನು ಸುಮಾರು 1 ಮಿಲಿಮೀಟರ್ ಒಳವ್ಯಾಸದ, ಒಂದು ತುದಿ ಮುಚ್ಚಿದ ಗಾಜಿನ ಕ್ಯಾಪಿಲರಿ ಕೊಳವೆಯಲ್ಲಿ ಸುಮಾರು 3 ಮಿಲಿಮೀಟರ್ ಎತ್ತರಕ್ಕೆ ತುಂಬಿ, ಉಪಕರಣದ ಕುಲುಮೆಯಲ್ಲಿಟ್ಟು, ನಿರೀಕ್ಷಿತ ಉಷ್ಣತೆ ಹತ್ತಿರವಾದಂತೆ ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ಬಿಸಿ ಏರಿಸಲಾಗುತ್ತದೆ. ಪುಡಿ ಕರಗುವುದನ್ನು ಹಳೆಯ ಮಾದರಿಗಳಲ್ಲಿ ಭೂತಗನ್ನಡಿಯ ಮೂಲಕ ಕಣ್ಣಿನಿಂದಲೂ ಹೊಸ ಮಾದರಿಗಳಲ್ಲಿ ಬೆಳಕಿನ ಸಂವೇದಕ ಅಥವಾ ಕ್ಯಾಮೆರಾದಿಂದಲೂ ಗುರುತಿಸಲಾಗುತ್ತದೆ.

ದೋಷ ನುಸುಳುವ ದಾರಿಗಳು ಹಲವು. ಉಷ್ಣತೆಯ ಸಂವೇದಕ ಕಾಲಕ್ರಮೇಣ ತನ್ನ ನೆಲೆಯಿಂದ ಜಾರುತ್ತದೆ. ಕುಲುಮೆಯ ಉಷ್ಣತೆಗೂ ಕೊಳವೆಯೊಳಗಿನ ಪುಡಿಯ ಉಷ್ಣತೆಗೂ ಸ್ವಲ್ಪ ಅಂತರ ಯಾವಾಗಲೂ ಇರುತ್ತದೆ. ಬಿಸಿ ಏರಿಸುವ ವೇಗ ಹೆಚ್ಚಿದಷ್ಟೂ ಆ ಅಂತರ ಹೆಚ್ಚುತ್ತದೆ. ಕೊಳವೆಯ ಗಾಜು ದಪ್ಪವಾಗಿದ್ದರೆ, ಪುಡಿ ಹೆಚ್ಚಾಗಿದ್ದರೆ, ಸರಿಯಾಗಿ ಒಣಗದಿದ್ದರೆ ಅಂಕಿ ಬದಲಾಗುತ್ತದೆ. ನೋಡುವ ಕಣ್ಣು ಬದಲಾದರೂ ಅಂಕಿ ಬದಲಾಗಬಹುದು. ಕೇವಲ ಥರ್ಮಾಮೀಟರನ್ನು ಹೊರಗೆ ಕಳುಹಿಸಿ ಪರೀಕ್ಷಿಸಿದರೆ ಇವುಗಳಲ್ಲಿ ಸಂವೇದಕದ ದೋಷ ಮಾತ್ರ ಬಯಲಾಗುತ್ತದೆ. ಕರಗುವ ಬಿಂದು ಖಚಿತವಾಗಿ ತಿಳಿದಿರುವ ವಸ್ತುವನ್ನು ಅದೇ ಕೊಳವೆಯಲ್ಲಿ, ಅದೇ ವೇಗದಲ್ಲಿ, ಅದೇ ಸಿಬ್ಬಂದಿಯಿಂದ ಕರಗಿಸಿ ನೋಡಿದಾಗ ಕುಲುಮೆ, ಸಂವೇದಕ, ಕೊಳವೆ, ಕಣ್ಣು ಎಲ್ಲವೂ ಒಟ್ಟಿಗೆ ಪರೀಕ್ಷೆಗೊಳಗಾಗುತ್ತವೆ. ಉಲ್ಲೇಖ ಮಾನಕದ ನಿಜವಾದ ಉಪಯುಕ್ತತೆ ಇದೇ.

3. ಬಳಕೆಯಲ್ಲಿರುವ ಮಾನಕಗಳು

ಅಮೆರಿಕದ ಫಾರ್ಮಕೋಪಿಯಾ ಸಂಸ್ಥೆಯು ಈ ಉದ್ದೇಶಕ್ಕಾಗಿ ಒದಗಿಸಿದ ವಸ್ತುಗಳ ಸಾಲು ಪ್ರಸಿದ್ಧವಾದುದು. ಅವು ಕರಗುವ ಉಷ್ಣತೆಗಳು, ಸುಮಾರಾಗಿ ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೀಗಿವೆ:

ವೆನಿಲಿನ್: 82
ಅಸಿಟನಿಲೈಡ್: 115
ಫೆನಾಸಿಟಿನ್: 135
ಸಲ್ಫಾನಿಲಮೈಡ್: 165
ಸಲ್ಫಾಪಿರಿಡಿನ್: 191
ಕೆಫೀನ್: 236

ಇವಲ್ಲದೆ ಬೆಂಜಾಯಿಕ್ ಆಮ್ಲ (ಸುಮಾರು 122), ನ್ಯಾಫ್ತಲೀನ್ (ಸುಮಾರು 80), ಆಂತ್ರಾಕ್ವಿನೋನ್ (ಸುಮಾರು 285) ಮೊದಲಾದವೂ ಬಳಕೆಯಲ್ಲಿವೆ. ಐಸ್‌ಕ್ರೀಮಿನ ಪರಿಮಳಕ್ಕೆ ಬಳಸುವ ವೆನಿಲಿನ್, ಕಾಫಿಯಲ್ಲಿರುವ ಕೆಫೀನ್, ಬಟ್ಟೆಯ ಪೆಟ್ಟಿಗೆಯಲ್ಲಿಡುವ ನ್ಯಾಫ್ತಲೀನ್ ಎಲ್ಲವೂ ಪೇಟೆಯಲ್ಲಿ ಕಿಲೋಗ್ರಾಂ ಲೆಕ್ಕದಲ್ಲಿ ದೊರೆಯುತ್ತವೆ. ಹಾಗಿದ್ದರೆ ಮಾನಕದ ಸೀಸೆಗೆ ಅಷ್ಟು ಬೆಲೆ ಏಕೆ? ಕೊಳ್ಳುವವನು ಪುಡಿಗೆ ಹಣ ಕೊಡುತ್ತಿಲ್ಲ. ಆ ಪುಡಿಯ ಮೇಲೆ ಬರೆದಿರುವ ಅಂಕಿಗೆ, ಆ ಅಂಕಿಯ ಹಿಂದಿರುವ ಅಳತೆಯ ಶ್ರಮಕ್ಕೆ ಮತ್ತು ಪ್ರಮಾಣಪತ್ರಕ್ಕೆ ಹಣ ಕೊಡುತ್ತಿದ್ದಾನೆ. ಅದೇ ವಸ್ತುವನ್ನು ಪ್ರಮಾಣಪತ್ರವಿಲ್ಲದೆ ಕೊಂಡು 'ಮಾನಕ' ಎಂದು ಚೀಟಿ ಅಂಟಿಸುವುದು ಮುದ್ರೆಯಿಲ್ಲದ ಬಟ್ಟಿನಿಂದ ತೂಗಿದಂತೆ.

ಮಾನಕಗಳ ಆಯ್ಕೆಯಲ್ಲಿ ಮುಖ್ಯ ನಿಯಮವೊಂದಿದೆ. ಘಟಕವು ಪರೀಕ್ಷಿಸುವ ವಸ್ತುಗಳ ಕರಗುವ ಬಿಂದುಗಳು ಎರಡು ಮಾನಕಗಳ ನಡುವೆ ಬರುವಂತಿರಬೇಕು. 170 ಡಿಗ್ರಿಯ ಸುಮಾರಿಗೆ ಕರಗುವ ವಸ್ತುವನ್ನು ಪರೀಕ್ಷಿಸುವ ಘಟಕ ವೆನಿಲಿನ್ ಒಂದರಿಂದಲೇ ಕ್ಯಾಲಿಬ್ರೇಷನ್ ಮುಗಿಸಿದರೆ, 82 ಡಿಗ್ರಿಯಲ್ಲಿ ಉಪಕರಣ ಸರಿಯಿದೆ ಎಂದಷ್ಟೇ ತಿಳಿಯುತ್ತದೆ.

4. ಎರಡು ಬಗೆಯ ಅಂಕಿಗಳು

ಪ್ರಮಾಣಪತ್ರ ಓದುವಾಗ ಆಗುವ ಸಾಮಾನ್ಯ ತಪ್ಪೊಂದನ್ನು ಇಲ್ಲಿ ಹೇಳಬೇಕು. ಕೆಲವು ಪ್ರಮಾಣಪತ್ರಗಳಲ್ಲಿ ಒಂದೇ ವಸ್ತುವಿಗೆ ಎರಡು ಅಂಕಿಗಳಿರುತ್ತವೆ. ಒಂದು ಫಾರ್ಮಕೋಪಿಯಾ ಅಂಕಿ. ಇದು ನಿಗದಿತ ವೇಗದಲ್ಲಿ ಬಿಸಿ ಏರಿಸುವಾಗ ಪುಡಿ ಕರಗಿದ ಕ್ಷಣದಲ್ಲಿದ್ದ ಕುಲುಮೆಯ ಉಷ್ಣತೆ. ಇನ್ನೊಂದು ಥರ್ಮೋಡೈನಮಿಕ್ ಅಂಕಿ. ಇದು ವಸ್ತುವಿನ ವಾಸ್ತವ ಕರಗುವ ಉಷ್ಣತೆ. ಕುಲುಮೆ ಯಾವಾಗಲೂ ಪುಡಿಗಿಂತ ತುಸು ಮುಂದಿರುವ ಕಾರಣ ಮೊದಲನೆಯ ಅಂಕಿ ಎರಡನೆಯದಕ್ಕಿಂತ ಹೆಚ್ಚಾಗಿರುತ್ತದೆ.

ಫಾರ್ಮಕೋಪಿಯಾ ವಿಧಾನದಲ್ಲಿ ಅಳೆದು ಥರ್ಮೋಡೈನಮಿಕ್ ಅಂಕಿಯೊಡನೆ ಹೋಲಿಸಿದರೆ ಇಲ್ಲದ ದೋಷ ಕಾಣಿಸಿಕೊಳ್ಳುತ್ತದೆ. ಆ 'ದೋಷ'ವನ್ನು ಸರಿಪಡಿಸಲು ಹೋದರೆ ಸರಿಯಿದ್ದ ಉಪಕರಣವೇ ಕೆಡುತ್ತದೆ. ನಗದು ಪದ್ಧತಿಯ ಲೆಕ್ಕವನ್ನು ಸಂಚಯ ಪದ್ಧತಿಯ ಲೆಕ್ಕದೊಡನೆ ಹೋಲಿಸಿ ವ್ಯತ್ಯಾಸ ಬಂತೆಂದು ದೂರಿದಂತೆಯೇ ಇದು. ಆದ್ದರಿಂದ ಯಾವ ವೇಗಕ್ಕೆ, ಯಾವ ಘಟ್ಟಕ್ಕೆ, ಅಂದರೆ ಕರಗಲು ಆರಂಭಿಸಿದ್ದಕ್ಕೋ ಪೂರ್ತಿ ಕರಗಿದ್ದಕ್ಕೋ, ಪ್ರಮಾಣಪತ್ರದ ಅಂಕಿ ಅನ್ವಯಿಸುತ್ತದೆ ಎಂಬುದನ್ನು ಮೊದಲು ಓದಿಕೊಳ್ಳತಕ್ಕದ್ದು.

5. ಒಂದು ಉದಾಹರಣೆ

ಮಾತ್ರೆ ತಯಾರಿಸುವ ಒಂದು ಘಟಕ ಪ್ಯಾರಸಿಟಮಾಲ್ ಪುಡಿಯನ್ನು ಕೊಳ್ಳುತ್ತದೆ ಎಂದು ಭಾವಿಸಬಹುದು. ಅದರ ಖರೀದಿ ನಿಬಂಧನೆಯಂತೆ ಮಾಲು 168ರಿಂದ 172 ಡಿಗ್ರಿಯೊಳಗೆ ಕರಗಬೇಕು. ಕ್ಯಾಲಿಬ್ರೇಷನ್ ದಿನ ಬಂದ ಅಂಕಿಗಳು, ಪ್ರತಿಯೊಂದೂ ಮೂರು ಕೊಳವೆಗಳ ಸರಾಸರಿ, ಹೀಗಿವೆ ಎಂದಿಟ್ಟುಕೊಂಡರೆ:

ಅಸಿಟನಿಲೈಡ್: ಪ್ರಮಾಣಪತ್ರದಲ್ಲಿ 115.3; ಉಪಕರಣದಲ್ಲಿ 115.6, ವ್ಯತ್ಯಾಸ 0.3 ಹೆಚ್ಚು
ಸಲ್ಫಾನಿಲಮೈಡ್: ಪ್ರಮಾಣಪತ್ರದಲ್ಲಿ 165.3; ಉಪಕರಣದಲ್ಲಿ 166.4, ವ್ಯತ್ಯಾಸ 1.1 ಹೆಚ್ಚು
ಸಲ್ಫಾಪಿರಿಡಿನ್: ಪ್ರಮಾಣಪತ್ರದಲ್ಲಿ 191.4, ಉಪಕರಣದಲ್ಲಿ 192.9, ವ್ಯತ್ಯಾಸ 1.5 ಹೆಚ್ಚು

ಉಷ್ಣತೆ ಏರಿದಂತೆ ದೋಷವೂ ಏರಿದೆ. ಅಸಿಟನಿಲೈಡ್ ಒಂದನ್ನೇ ನೋಡಿದ್ದರೆ ಉಪಕರಣ ಬಹುಮಟ್ಟಿಗೆ ಸರಿ ಎನಿಸುತ್ತಿತ್ತು. ಈಗ ಹಿಂದಿನ ವಾರ ಅಂಗೀಕರಿಸಿದ ಒಂದು ಬ್ಯಾಚಿನ ದಾಖಲೆಯನ್ನು ತೆರೆದರೆ ಅಲ್ಲಿ 168.6ರಿಂದ 170.2 ಎಂದಿದೆ. 168ರ ಸುಮಾರಿಗೆ ಉಪಕರಣ 1.1 ಡಿಗ್ರಿ ಹೆಚ್ಚು ತೋರಿಸುತ್ತಿರುವುದರಿಂದ ನಿಜವಾದ ಅಂಕಿ 167.5ರಿಂದ 169.1. ಅಂದರೆ ತೇರ್ಗಡೆಯಾದ ಮಾಲು ವಾಸ್ತವವಾಗಿ ಕೆಳಮಿತಿಯನ್ನು ಮುಟ್ಟಿರಲಿಲ್ಲ. ಉಪಕರಣ ಕಡಿಮೆ ತೋರಿಸುತ್ತಿದ್ದರೆ ಫಲ ವ್ಯತಿರಿಕ್ತ: ಒಳ್ಳೆಯ ಮಾಲು ತಿರಸ್ಕೃತವಾಗಿ, ಪೂರೈಕೆದಾರನೊಡನೆ ನಿಷ್ಕಾರಣ ವ್ಯಾಜ್ಯ ಹುಟ್ಟುತ್ತದೆ.

ಪ್ರಶ್ನೆ ಆ ಒಂದು ಬ್ಯಾಚಿಗೇ ಮುಗಿಯುವುದಿಲ್ಲ. ಉಪಕರಣ ಯಾವ ದಿನದಿಂದ ತಪ್ಪು ಹೇಳುತ್ತಿದೆ ಎಂದು ಯಾರಿಗೂ ತಿಳಿಯದು. ತಿಳಿದಿರುವುದು ಹಿಂದಿನ ಕ್ಯಾಲಿಬ್ರೇಷನ್ ದಿನ ಅದು ಸರಿಯಿತ್ತು ಎಂಬುದು ಮಾತ್ರ. ಆದಕಾರಣ ಆ ದಿನದಿಂದ ಇಂದಿನವರೆಗೆ ಅದೇ ಉಪಕರಣದ ಮೇಲೆ ತೇರ್ಗಡೆಯಾದ ಎಲ್ಲ ಬ್ಯಾಚುಗಳೂ ಮರುಪರಿಶೀಲನೆಗೆ ಒಳಗಾಗುತ್ತವೆ.

ಘಟಕವು ತಿಂಗಳಿಗೆ ತಲಾ 500 ಕಿಲೋಗ್ರಾಂನ ಎರಡು ಬ್ಯಾಚು ಕೊಳ್ಳುತ್ತದೆ, ಕಿಲೋಗೆ 300 ರೂಪಾಯಿ ದರವೆಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡರೆ, ಪ್ರತಿ ಬ್ಯಾಚಿನ ಮೊತ್ತ 1.5 ಲಕ್ಷ ರೂಪಾಯಿ. ವರ್ಷಕ್ಕೊಮ್ಮೆ ಮಾತ್ರ ಉಪಕರಣವನ್ನು ಪರೀಕ್ಷಿಸುವ ಘಟಕದಲ್ಲಿ 24 ಬ್ಯಾಚು, ಅಂದರೆ 36 ಲಕ್ಷ ರೂಪಾಯಿಯ ಮಾಲು ಸಂದೇಹಕ್ಕೆ ಒಳಗಾಗುತ್ತದೆ. ಅದರಲ್ಲಿ ಬಹುಪಾಲು ಆಗಲೇ ಮಾತ್ರೆಯಾಗಿ ಪೇಟೆ ಸೇರಿರುತ್ತದೆ. ತಿಂಗಳಿಗೊಮ್ಮೆ ಪರೀಕ್ಷಿಸುವ ಘಟಕದಲ್ಲಿ ಎರಡು ಬ್ಯಾಚು, 3 ಲಕ್ಷ ರೂಪಾಯಿ. ಎರಡು ಕ್ಯಾಲಿಬ್ರೇಷನ್‌ಗಳ ನಡುವಿನ ಅವಧಿಯೇ ಘಟಕದ ಹೊಣೆಯ ಗಾತ್ರವನ್ನು ನಿರ್ಧರಿಸುತ್ತದೆ. ಮಾನಕದ ಬೆಲೆಯನ್ನು ತೂಗಬೇಕಾದುದು ಈ ಮೊತ್ತದೊಡನೆಯೇ ಹೊರತು ಪೇಟೆಯ ವೆನಿಲಿನ್ ದರದೊಡನೆ ಅಲ್ಲ.

6. ಕ್ಯಾಲಿಬ್ರೇಷನ್ ಬೇರೆ, ತಿದ್ದುಪಡಿ ಬೇರೆ

ಕ್ಯಾಲಿಬ್ರೇಷನ್ ಎಂದರೆ ಉಪಕರಣದ ಅಂಕಿಯನ್ನು ಮಾನಕದ ಅಂಕಿಯೊಡನೆ ಹೋಲಿಸಿ ವ್ಯತ್ಯಾಸವನ್ನು ದಾಖಲಿಸುವುದು. ಆ ವ್ಯತ್ಯಾಸ ಹೋಗುವಂತೆ ಉಪಕರಣವನ್ನು ಬದಲಿಸುವುದು ತಿದ್ದುಪಡಿ. ಬ್ಯಾಂಕ್ ತಾಳೆಪಟ್ಟಿ ತಯಾರಿಸುವುದು ಮತ್ತು ಅದರ ಆಧಾರದ ಮೇಲೆ ಹೊಂದಾಣಿಕೆ ನಮೂದು ಹಾಕುವುದು ಎರಡು ಬೇರೆ ಕೆಲಸಗಳಾಗಿರುವಂತೆ ಇವೂ ಬೇರೆ. ತಿದ್ದುಪಡಿಯ ಹಿಂದಿನ ಅಂಕಿಗಳನ್ನು ಅಳಿಸಿ ಹಾಕಿದರೆ, ಹಿಂದಿನ ಬ್ಯಾಚುಗಳ ಗತಿ ಏನೆಂದು ನಿರ್ಧರಿಸಲು ಆಧಾರವೇ ಉಳಿಯುವುದಿಲ್ಲ. ತಿದ್ದುಪಡಿ ಮಾಡಿದ ಬಳಿಕ ಮತ್ತೊಮ್ಮೆ ಮಾನಕವನ್ನು ಕರಗಿಸಿ ನೋಡುವುದೂ ಅಗತ್ಯ.

ಪ್ರಮಾಣಪತ್ರದಲ್ಲಿ ಅಂಕಿಯ ಜೊತೆಗೆ ಅನಿಶ್ಚಿತತೆಯೂ ನಮೂದಾಗಿರುತ್ತದೆ. ಅನಿಶ್ಚಿತತೆ 0.3 ಡಿಗ್ರಿ ಇರುವ ಮಾನಕದಲ್ಲಿ 0.2 ಡಿಗ್ರಿಯ ವ್ಯತ್ಯಾಸ ಕಂಡರೆ ಉಪಕರಣವನ್ನು ಮುಟ್ಟುವ ಕಾರಣವಿಲ್ಲ.

7. ಪ್ರಮಾಣಪತ್ರದ ಹಿಂದಿನ ಸರಪಳಿ

ಪ್ರಮಾಣಪತ್ರದ ಅಂಕಿಯನ್ನು ನಂಬುವುದು ಹೇಗೆ? ಆ ಅಂಕಿಯನ್ನು ಅಳೆದ ಥರ್ಮಾಮೀಟರು ಅದಕ್ಕಿಂತ ಮೇಲಿನ ಥರ್ಮಾಮೀಟರಿಗೆ, ಅದು ರಾಷ್ಟ್ರೀಯ ಮಾಪನ ಸಂಸ್ಥೆಯ ಮಾನಕಕ್ಕೆ ಹೋಲಿಸಲ್ಪಟ್ಟಿರಬೇಕು. ಸರಪಳಿಯ ಮೇಲ್ತುದಿಯಲ್ಲಿ 1990ರ ಅಂತರರಾಷ್ಟ್ರೀಯ ಉಷ್ಣತಾ ಮಾಪಕ್ರಮವಿದೆ. ಅಲ್ಲಿಯೂ ಆಧಾರ ಶುದ್ಧ ವಸ್ತುಗಳೇ ಎಂಬುದು ಗಮನಾರ್ಹ: ಗ್ಯಾಲಿಯಂ ಕರಗುವ 29.7646 ಡಿಗ್ರಿ, ಇಂಡಿಯಂ ಘನೀಭವಿಸುವ 156.5985 ಡಿಗ್ರಿ, ತವರ ಘನೀಭವಿಸುವ 231.928 ಡಿಗ್ರಿ ಸೆಲ್ಸಿಯಸ್. ಭಾರತದಲ್ಲಿ ರಾಷ್ಟ್ರೀಯ ಮಾಪನ ಸಂಸ್ಥೆಯ ಸ್ಥಾನದಲ್ಲಿರುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದು ದೇಶೀಯ ಪ್ರಮಾಣೀಕೃತ ಉಲ್ಲೇಖ ವಸ್ತುಗಳನ್ನು 'ಭಾರತೀಯ ನಿರ್ದೇಶಕ ದ್ರವ್ಯ' ಎಂಬ ಹೆಸರಿನಲ್ಲಿ ಹೊರತರುತ್ತಿದೆ. ಔಷಧಗಳಿಗೆ ಸಂಬಂಧಿಸಿದ ಉಲ್ಲೇಖ ವಸ್ತುಗಳನ್ನು ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಆಯೋಗ ಒದಗಿಸುತ್ತದೆ.

ಖಾಸಗಿ ತಯಾರಕರಿಂದ ಕೊಳ್ಳುವಾಗ ಅವರಿಗೆ ಐಎಸ್‌ಓ 17034 ಮಾನ್ಯತೆ ಇದೆಯೇ ಎಂದು ನೋಡಬೇಕು. ಇದು ಉಲ್ಲೇಖ ವಸ್ತು ತಯಾರಕರಿಗೆ ಸಂಬಂಧಿಸಿದ ಮಾನಕ. ಪರೀಕ್ಷಾ ಹಾಗೂ ಕ್ಯಾಲಿಬ್ರೇಷನ್ ಪ್ರಯೋಗಾಲಯಗಳಿಗೆ ಅನ್ವಯಿಸುವುದು ಐಎಸ್‌ಓ/ಐಇಸಿ 17025. ದೇಶದಲ್ಲಿ ಎರಡಕ್ಕೂ ಮಾನ್ಯತೆ ನೀಡುವ ಸಂಸ್ಥೆ ಎನ್‌ಎಬಿಎಲ್. ಮಾನ್ಯತೆಯ ವ್ಯಾಪ್ತಿಪಟ್ಟಿಯಲ್ಲಿ ಕರಗುವ ಬಿಂದು ಸೇರಿದೆಯೇ ಎಂಬುದನ್ನೂ ಓದಬೇಕು. ಲಾಂಛನ ನೋಡಿ ತೃಪ್ತರಾಗುವುದು ಸಾಲದು.

8. ಖರೀದಿ, ದಾಸ್ತಾನು ಮತ್ತು ಲೆಕ್ಕಪತ್ರ

ಒಂದು ಕೊಳವೆಗೆ ಬೇಕಾದ ಪುಡಿ, ನಷ್ಟವೂ ಸೇರಿ, ಹೆಚ್ಚೆಂದರೆ 5 ಮಿಲಿಗ್ರಾಂ ಎನ್ನಬಹುದು. ತಿಂಗಳಿಗೊಮ್ಮೆ ಮೂರು ಕೊಳವೆಯಂತೆ ವರ್ಷಕ್ಕೆ 36 ಕೊಳವೆ. ಅಂದರೆ ಪ್ರತಿ ಮಾನಕದಿಂದ ವರ್ಷಕ್ಕೆ 180 ಮಿಲಿಗ್ರಾಂ. ಒಂದು ಗ್ರಾಂ ಸೀಸೆ ಪ್ರಮಾಣದ ಲೆಕ್ಕದಲ್ಲಿ ಐದು ವರ್ಷ ದಾಟಿ ಬರುತ್ತದೆ. ಆದರೆ ಅದಕ್ಕೆ ಬಹಳ ಮೊದಲೇ ಅದರ ಮಾನ್ಯತಾ ಅವಧಿ ಮುಗಿಯಬಹುದು. ಮಾನಕದಲ್ಲಿ ಹಣ ನಷ್ಟವಾಗುವುದು ಬಳಕೆಯಿಂದಲ್ಲ, ಅವಧಿ ಮೀರುವುದರಿಂದ. ಆದ್ದರಿಂದ ಅಗ್ಗವೆಂದು ದೊಡ್ಡ ಸೀಸೆ ಕೊಳ್ಳುವುದಕ್ಕಿಂತ ಚಿಕ್ಕ ಸೀಸೆಯನ್ನು ಹೊಸ ತಂಡದಿಂದ ಕೊಳ್ಳುವುದು ಲಾಭಕರ.

ಪ್ರಾಥಮಿಕ ಮಾನಕವನ್ನು ನಿಯತಕಾಲಿಕ ಪೂರ್ಣ ಕ್ಯಾಲಿಬ್ರೇಷನ್‌ಗೆ ಮೀಸಲಿಟ್ಟು, ಅದಕ್ಕೆ ಹೋಲಿಸಿ ದಾಖಲಿಸಿದ ಕಾರ್ಯಮಾನಕವನ್ನು ತಿಂಗಳ ತಪಾಸಣೆಗೆ ಬಳಸುವುದು ಇನ್ನೊಂದು ಮಿತವ್ಯಯದ ಮಾರ್ಗ. ಸೀಸೆಯನ್ನು ಪ್ರಮಾಣಪತ್ರ ಹೇಳಿದ ಉಷ್ಣತೆಯಲ್ಲಿ, ತೇವ ತಾಗದಂತೆ ಇಡಬೇಕು. ಕರಾವಳಿಯ ಘಟಕಗಳು ಮಳೆಗಾಲದಲ್ಲಿ ಈ ಬಗ್ಗೆ ವಿಶೇಷ ಎಚ್ಚರ ವಹಿಸತಕ್ಕದ್ದು. ಒಮ್ಮೆ ಕರಗಿ ಗಟ್ಟಿಯಾದ ಕೊಳವೆಯನ್ನು ಮತ್ತೆ ಬಳಸುವುದು ಉಳಿತಾಯವಲ್ಲ. ಕರಗಿದ ವಸ್ತು ಭಾಗಶಃ ವಿಭಜನೆಗೊಂಡಿರಬಹುದು, ಬೇರೆ ಸ್ಫಟಿಕರೂಪ ತಾಳಿರಬಹುದು.

ಲೆಕ್ಕಪತ್ರದಲ್ಲಿ ಗಮನಿಸಬೇಕಾದ ಅಂಶಗಳು ಹೀಗಿವೆ:

ಅ) ಹೊಸ ಉಪಕರಣವನ್ನು ಬಳಕೆಗೆ ಸಿದ್ಧಪಡಿಸುವಾಗ ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ವೆಚ್ಚ ಲೆಕ್ಕಪತ್ರ ಮಾನಕ 10ರಂತೆ ಆಸ್ತಿಯ ಮೂಲಬೆಲೆಗೆ ಸೇರುತ್ತದೆ. ನಂತರದ ನಿಯತಕಾಲಿಕ ಕ್ಯಾಲಿಬ್ರೇಷನ್ ವೆಚ್ಚ ಆಯಾ ವರ್ಷದ ಖರ್ಚು.

ಆ) ಬಳಸದೆ ಉಳಿದ ಸೀಸೆಗಳ ಮೊತ್ತ ಗಣನೀಯವಾಗಿದ್ದರೆ ವರ್ಷಾಂತ್ಯದಲ್ಲಿ ದಾಸ್ತಾನಿನಲ್ಲಿ ತೋರಿಸಬೇಕು, ಅವಧಿ ಮೀರಿದವುಗಳನ್ನು ತೆಗೆದುಹಾಕಬೇಕು.

ಇ) ಪರೀಕ್ಷೆಯಲ್ಲಿ ಬಳಕೆಯಾದ ಮಾನಕ ವ್ಯವಹಾರದ ಉದ್ದೇಶಕ್ಕೇ ಬಳಕೆಯಾದದ್ದು. ಆದರೆ ಅವಧಿ ಮೀರಿ ಬಳಸದೆ ವಜಾ ಮಾಡಿದ ಅಥವಾ ನಾಶಪಡಿಸಿದ ಸೀಸೆಗೆ ಪಡೆದಿದ್ದ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯನ್ನು ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)(ಎಚ್) ಪ್ರಕರಣದಂತೆ ಹಿಂದಿರುಗಿಸಬೇಕಾಗುತ್ತದೆ. ಸಣ್ಣ ಮೊತ್ತವೆಂದು ಇದು ಆಗಾಗ್ಗೆ ಕಣ್ತಪ್ಪುತ್ತದೆ.

ಈ) ಆಮದು ಮಾಡಿಕೊಳ್ಳುವಾಗ ಪ್ರಮಾಣೀಕೃತ ಉಲ್ಲೇಖ ವಸ್ತುಗಳೆಲ್ಲ ಸುಂಕಪಟ್ಟಿಯ 3822 ಶೀರ್ಷಿಕೆಗೇ ಸೇರುತ್ತವೆಂಬ ತಿಳುವಳಿಕೆ ಸರಿಯಲ್ಲ. 38ನೇ ಅಧ್ಯಾಯದ ಟಿಪ್ಪಣಿಯಂತೆ 28 ಮತ್ತು 29ನೇ ಅಧ್ಯಾಯಗಳ ವಸ್ತುಗಳಿಗೆ ಆ ಆದ್ಯತೆ ಅನ್ವಯಿಸದು. ವೆನಿಲಿನ್‌ನಂಥ ಶುದ್ಧ ಸಾವಯವ ಸಂಯುಕ್ತ 29ನೇ ಅಧ್ಯಾಯಕ್ಕೆ ಸೇರಿದ್ದು.

9. ಮಾಲೀಕರು ಕೇಳಬೇಕಾದ ಪ್ರಶ್ನೆಗಳು

ರಸಾಯನಶಾಸ್ತ್ರ ಓದದ ಮಾಲೀಕರೂ ತಮ್ಮ ಪ್ರಯೋಗಾಲಯದಲ್ಲಿ ಈ ಐದು ಪ್ರಶ್ನೆಗಳನ್ನು ಕೇಳಬಹುದು:

1. ಈಗ ಬಳಕೆಯಲ್ಲಿರುವ ಮಾನಕಗಳ ಪ್ರಮಾಣಪತ್ರ ಎಲ್ಲಿದೆ, ಸೀಸೆಯ ತಂಡಸಂಖ್ಯೆ ಅದರಲ್ಲಿದೆಯೇ?
2. ಅವುಗಳ ಮಾನ್ಯತಾ ಅವಧಿ ಯಾವ ದಿನ ಮುಗಿಯುತ್ತದೆ?
3. ಘಟಕದ ಎಲ್ಲ ವಸ್ತುಗಳ ಕರಗುವ ಬಿಂದುಗಳು ಮಾನಕಗಳ ನಡುವೆ ಬರುತ್ತವೆಯೇ?
4. ಬಿಸಿ ಏರಿಸುವ ವೇಗ ಪ್ರಮಾಣಪತ್ರದಲ್ಲಿಯೂ ಘಟಕದ ಲಿಖಿತ ಕಾರ್ಯವಿಧಾನದಲ್ಲಿಯೂ ಒಂದೇ ಆಗಿದೆಯೇ?
5. ಇಂದು ಉಪಕರಣ ತಪ್ಪೆಂದು ಕಂಡುಬಂದರೆ ಎಷ್ಟು ಬ್ಯಾಚುಗಳನ್ನು ಹಿಂದಿರುಗಿ ನೋಡಬೇಕಾಗುತ್ತದೆ?

ಕೊನೆಯ ಪ್ರಶ್ನೆಯ ಉತ್ತರ ಒಂದು ಸಂಖ್ಯೆ. ಆ ಸಂಖ್ಯೆ ಮಾಲೀಕರಿಗೆ ಕಳವಳ ತರುವಷ್ಟು ದೊಡ್ಡದಾಗಿದ್ದರೆ ಕ್ಯಾಲಿಬ್ರೇಷನ್ ಅವಧಿಯನ್ನು ಕಿರಿದುಗೊಳಿಸಬೇಕೆಂದೇ ಅರ್ಥ.

ಉಪಸಂಹಾರ

ವಿಶ್ಲೇಷಣಾ ವರದಿಗೆ ಸಹಿ ಹಾಕುವವರು ರಸಾಯನಶಾಸ್ತ್ರಜ್ಞರಾದರೂ, ಆ ವರದಿಯನ್ನು ನಂಬಿ ಮಾಲು ಕಳುಹಿಸಿ ಬಿಲ್ಲು ಬರೆಯುವುದು ಘಟಕ. ಆ ಮಾತ್ರೆ ನುಂಗುವವರು ರೋಗಿಗಳು. ಉಪಕರಣಕ್ಕೆ ಹಣ ಹೂಡಿದ ಘಟಕ ಮಾನಕಕ್ಕೆ ಹಿಂಜರಿದರೆ, ಕೈಯಲ್ಲಿ ಉಳಿಯುವುದು ಅಂಕಿ ತೋರಿಸುವ ಯಂತ್ರವೇ ಹೊರತು ಅಳತೆಯಲ್ಲ. ವರ್ಷದ ಆಯವ್ಯಯ ಅಂದಾಜು ಸಿದ್ಧಪಡಿಸುವಾಗ ವಿಮೆಯ ಕಂತಿಗೆ ಪ್ರತ್ಯೇಕ ಸಾಲು ಇಡುವಂತೆ ಉಲ್ಲೇಖ ಮಾನಕಗಳಿಗೂ ಒಂದು ಸಾಲು ಇಟ್ಟು, ಅದರ ಎದುರು ಮಾನ್ಯತಾ ಅವಧಿಯ ದಿನಾಂಕವನ್ನೂ ಬರೆದಿಡುವುದು ಸಣ್ಣ ಉದ್ಯಮಿಗಳಿಗೆ ಈ ವಿಷಯದಲ್ಲಿ ಸುಲಭವಾದ ಮೊದಲ ಹೆಜ್ಜೆಯಾಗಿದೆ.